ಅಮ್ಮ ಜಪಾನಿನವರು, ಅಪ್ಪ ಶಿವಮೊಗ್ಗದವರು: ಮಗಳು ಯಾವ ಚೌಕಕ್ಕೆ ಗುರುತು ಹಾಕಬೇಕು?

ಪ್ರಶ್ನೆ: ನಾನು ಶಿವಮೊಗ್ಗದವನು, ಹೆಂಡತಿ ಫುಕುವೊಕಾದವಳು. ಬಹಳ ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೇವೆ. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು. ಇಬ್ಬರ ಜನನವನ್ನೂ ಮೂರು ತಿಂಗಳೊಳಗೆ ಜಪಾನ್ ಕಾನ್ಸುಲೇಟಿನಲ್ಲಿ ದಾಖಲಿಸಿದ್ದೆವು. ಮಗಳಿಗೀಗ 15. ಶಾಲೆಯ ಫಾರಂನಲ್ಲಿ ಜನಾಂಗ ಕೇಳುವ ಜಾಗವನ್ನು ಖಾಲಿ ಬಿಟ್ಟಿದ್ದಾಳೆ. ಶನಿವಾರದ ಜಪಾನಿ ಶಾಲೆಗೆ ಇನ್ನು ಹೋಗುವುದಿಲ್ಲ ಎನ್ನುತ್ತಾಳೆ. ಕಳೆದ ಬೇಸಿಗೆಯಲ್ಲಿ ಫುಕುವೊಕಾದಲ್ಲಿ ನೆಂಟರೊಬ್ಬರು ಅವಳ ಬಣ್ಣದ ಬಗ್ಗೆ ಆಡಿದ ಮಾತು ಮನಸ್ಸಿನಲ್ಲಿ ಕೂತಿದೆ. 11 ವರ್ಷದ ಮಗನಿಗೆ ಇದ್ಯಾವುದರ ಗೊಡವೆಯೂ ಇಲ್ಲ. ತಾನು ಜಪಾನಿಯೋ, ಭಾರತೀಯಳೋ, ಅಮೆರಿಕನ್ನೋ ಎಂಬುದನ್ನು ಅವಳಿಗೆ ಹೇಗೆ ಹೇಳಿಕೊಡುವುದು?

ಉತ್ತರ: ಹೇಳಿಕೊಡುವ ಯೋಚನೆಯನ್ನು ಮೊದಲು ಬಿಡಿ. ಹೆಸರಿಟ್ಟುಕೊಳ್ಳುವುದು ಅವಳ ಕೆಲಸ. ಮುಂದೆ ಎಂದಾದರೂ ಜಪಾನ್ ಬೇಕೆನಿಸಿದರೆ ಅವಳಿಗೆ ಸಿಗುವಂತೆ ಕಾಗದಪತ್ರ, ಭಾಷೆ, ನೆಂಟಸ್ತನ ಇವು ಕೈತಪ್ಪದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಈ ಎರಡನ್ನು ಅದಲುಬದಲು ಮಾಡಿಕೊಂಡ ಮನೆಗಳಲ್ಲೇ ಜಗಳ ಹೆಚ್ಚು. ಅಲ್ಲಿ ಅಪ್ಪ ಅಮ್ಮ ಗುರುತಿನ ಬಗ್ಗೆ ಭಾಷಣ ಮಾಡುತ್ತಾರೆ, ಅರ್ಜಿಯ ಕೊನೆಯ ದಿನಾಂಕ ಮರೆಯುತ್ತಾರೆ.

ಫಾರಂನಿಂದಲೇ ಶುರು ಮಾಡೋಣ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಈ ಜಾಗವನ್ನು ಖಾಲಿ ಬಿಟ್ಟರೆ ಅದು ಖಾಲಿಯಾಗಿ ಉಳಿಯುವುದಿಲ್ಲ. ಅಲ್ಲಿನ ಶಿಕ್ಷಣ ಇಲಾಖೆಯ 2007ರ ಮಾರ್ಗಸೂಚಿಯಂತೆ, ಮನೆಯವರು ತುಂಬದಿದ್ದರೆ ಕೊನೆಯ ದಾರಿಯಾಗಿ ಶಾಲೆಯ ಸಿಬ್ಬಂದಿಯೇ ಮಗುವನ್ನು ನೋಡಿ ಅಂದಾಜಿನ ಮೇಲೆ ತುಂಬಬೇಕು. ಅಂದರೆ ಅವಳ ಮುಖ ನೋಡಿ ಯಾರೋ ತೀರ್ಮಾನ ಮಾಡುತ್ತಾರೆ. ಅವಳಿಗೆ ಬೇಡವಾಗಿರುವುದು ಅದೇ ತಾನೆ? ಇಷ್ಟನ್ನು ತಿಳಿಸಿ, ಮತ್ತೆ ತುಂಬುವುದೋ ಬಿಡುವುದೋ ಅವಳಿಗೇ ಬಿಡಿ. 'ಜಪಾನೀಸ್', 'ಏಷ್ಯನ್ ಇಂಡಿಯನ್' ಎರಡಕ್ಕೂ ಗುರುತು ಹಾಕಬಹುದು. ಒಂದಕ್ಕಿಂತ ಹೆಚ್ಚು ಜನಾಂಗ ಆರಿಸಲು ಅಮೆರಿಕದ ಜನಗಣತಿ 2000ದಲ್ಲೇ ಅವಕಾಶ ಕೊಟ್ಟಿತು.

ಆದರೆ ಇದರಲ್ಲೊಂದು ತಿರುವು ಇದೆ, ಅದು ನಿಮ್ಮ ಮಗಳಿಗೆ ನೇರವಾಗಿ ತಟ್ಟುವಂಥದ್ದು. ಜಪಾನಿ, ಭಾರತೀಯ ಎರಡೂ ಆ ಲೆಕ್ಕದಲ್ಲಿ 'ಏಷ್ಯನ್' ಎಂಬ ಒಂದೇ ಜನಾಂಗದೊಳಗೆ ಬರುತ್ತವೆ. ಹಾಗಾಗಿ ಎರಡಕ್ಕೂ ಗುರುತು ಹಾಕಿದರೂ ಅಂಕಿಅಂಶದಲ್ಲಿ ಅವಳು 'ಎರಡು ಅಥವಾ ಹೆಚ್ಚು ಜನಾಂಗ'ದವಳಲ್ಲ. ತಂದೆ ಬಿಳಿಯರಾಗಿದ್ದಿದ್ದರೆ ಆಗುತ್ತಿದ್ದಳು. ಶಾಲಾ ಕಾಲೇಜುಗಳ ಮಿಶ್ರ ಮೂಲದ ಸಂಘಗಳಲ್ಲೂ ಇದೇ ಕಥೆ. 'ಹಾಪಾ', ಅಂದರೆ ಮಿಶ್ರ ಮೂಲದವರು, ಎಂದ ಕೂಡಲೇ ಅಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಅರ್ಧ ಬಿಳಿಯ, ಅರ್ಧ ಜಪಾನಿ ಮುಖ. ಜೊತೆಗೆ ಅದು ಹವಾಯಿಯ ಮೂಲನಿವಾಸಿಗಳ ಮಾತು, ಹೊರಗಿನವರು ಅದನ್ನು ಬಳಸುವುದಕ್ಕೆ ಅವರಲ್ಲಿ ಹಲವರ ಆಕ್ಷೇಪವಿದೆ. ಮಗಳು 'ನನ್ನಂಥವರೇ ಯಾರೂ ಇಲ್ಲ' ಎಂದರೆ ಅದನ್ನು ಹದಿಹರೆಯದ ಉತ್ಪ್ರೇಕ್ಷೆ ಎಂದು ತಳ್ಳಿಹಾಕಬೇಡಿ. ಅವಳ ಸುತ್ತಲಿನ ಮಟ್ಟಿಗೆ ಅದು ಬಹುಪಾಲು ನಿಜ.

ಅದೇ ಹೊತ್ತಿಗೆ, ಮಿಶ್ರ ಮೂಲ ಎಂಬುದು ಅಮೆರಿಕದ ಜಪಾನಿಯರಲ್ಲಿ ಅಪರೂಪವಂತೂ ಅಲ್ಲ. 2010ರ ಜನಗಣತಿಯಲ್ಲಿ ಜಪಾನಿ ಮೂಲ ಹೇಳಿಕೊಂಡವರು ಸುಮಾರು 13 ಲಕ್ಷ. ಅವರಲ್ಲಿ 'ಜಪಾನಿ ಮಾತ್ರ' ಎಂದವರು ಸುಮಾರು 7.6 ಲಕ್ಷ. ಉಳಿದ ಐದು ಲಕ್ಷಕ್ಕೂ ಹೆಚ್ಚು ಜನ ಇನ್ನೊಂದು ಮೂಲವನ್ನೂ ಸೇರಿಸಿ ಹೇಳಿದವರು. ಬ್ರೆಜಿಲ್‌ನಲ್ಲಿ ಜಪಾನಿಯರ ವಲಸೆ 1908ರಲ್ಲಿ ಶುರುವಾಯಿತು. ಅಲ್ಲಿ 1987-88ರಲ್ಲಿ ನಡೆದ ಸಮೀಕ್ಷೆಯಲ್ಲಿ ಮೊಮ್ಮಕ್ಕಳ ತಲೆಮಾರಿನಲ್ಲಿ ಸುಮಾರು 42%, ಮರಿಮಕ್ಕಳ ತಲೆಮಾರಿನಲ್ಲಿ ಸುಮಾರು 61% ಮಂದಿ ಮಿಶ್ರ ಮೂಲದವರಾಗಿದ್ದರು. ಸಾವೊ ಪೌಲೊದಲ್ಲಿ ಎಲ್ಲರೂ 'ಜಪೊನೇಸ್' ಎಂದು ಕರೆಯುವ ಹುಡುಗ ಕೆಲಸ ಹುಡುಕಿಕೊಂಡು ಜಪಾನಿನ ಹಮಾಮಾತ್ಸುಗೆ ಹೋದರೆ ಅಲ್ಲಿ 'ಬ್ರೆಜಿಲಿನವನು'. ಹುಡುಗ ಅವನೇ, ಬದಲಾದದ್ದು ಎದುರಿಗಿರುವವರು. ಗುರುತು ಹುಡುಗಿಯ ಒಳಗೆ ಎಲ್ಲೋ ಸಿದ್ಧವಾಗಿ ಕೂತಿದೆ, ಹುಡುಕಿ ತೆಗೆದರಾಯಿತು ಎಂದುಕೊಂಡವರು ಎಡವುವುದು ಇಲ್ಲೇ.

ಸ್ಯಾನ್ ಹೊಸೆ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಉಳಿದಿರುವ ಮೂರು ಹಳೆಯ ಜಪಾನ್‌ಟೌನ್‌ಗಳಲ್ಲಿ ನಿಮ್ಮೂರಿನದೂ ಒಂದು, ಇನ್ನೆರಡು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಲಾಸ್ ಏಂಜಲಿಸ್‌ನಲ್ಲಿವೆ. ಇಷ್ಟು ಹತ್ತಿರ ಇದ್ದೂ ನಿಮ್ಮ ಮನೆಯವರಿಗೆ ಅಲ್ಲಿ ಸ್ವಲ್ಪ ಪರಕೀಯ ಅನಿಸಿರಬಹುದು. ಅದಕ್ಕೆ ಕಾರಣವಿದೆ. ಹಳೆಯ ಜಪಾನಿ ಅಮೆರಿಕನ್ನರು 1924ರ ಕಾಯ್ದೆ ವಲಸೆಯನ್ನು ನಿಲ್ಲಿಸುವ ಮೊದಲು ಬಂದವರ ಸಂತತಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಅಮೆರಿಕದ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಬಂಧನ ಶಿಬಿರಗಳಿಗೆ ತಳ್ಳಿದ ನೆನಪು ಅವರ ಮನೆಮನೆಯಲ್ಲಿದೆ. ಆ ಕಾಲದಲ್ಲಿ ಮಿಶ್ರ ಮೂಲ ಎಂಬುದು ವಿನಾಯಿತಿಯಾಗಿರಲಿಲ್ಲ, ಮಾಂಜನಾರ್ ಶಿಬಿರದೊಳಗಿನ ಅನಾಥಾಲಯಕ್ಕೆ ಅರೆಜಪಾನಿ ಮಕ್ಕಳನ್ನೂ ತಂದು ಸೇರಿಸಿದ್ದರು. ಈಗಿನ ನಾಲ್ಕನೇ ತಲೆಮಾರಿನ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಜಪಾನಿ ಭಾಷೆ ಬರುವುದಿಲ್ಲ. ಆದರೆ ಜುಲೈನ ಓಬೋನ್ (ಹಿರಿಯರನ್ನು ನೆನೆಯುವ ಹಬ್ಬ) ಕುಣಿತ, ಟೈಕೊ ಡೋಲು, ಬ್ಯಾಸ್ಕೆಟ್‌ಬಾಲ್ ಲೀಗ್ ಎಲ್ಲವೂ ಅವರದೇ. ನಿಮ್ಮ ಹೆಂಡತಿ ಇತ್ತೀಚೆಗೆ ಬಂದವರು, ಅಲ್ಲಿನ ಮಾತಿನಲ್ಲಿ ಹೊಸ ಮೊದಲ ತಲೆಮಾರು. ಮಗಳಿಗೆ ಭಾಷೆ ಬರುತ್ತದೆ, ಶಿಬಿರದ ಇತಿಹಾಸ ಮನೆಯದಲ್ಲ. ಹೀಗಾಗಿ ಜಪಾನಿ ಅಮೆರಿಕನ್ನರ ನಡುವೆ ಅವಳು ಬಣ್ಣದಿಂದ ಮಾತ್ರ ಬೇರೆ ಎಂದುಕೊಳ್ಳಬೇಡಿ, ನೆನಪಿನಿಂದಲೂ ಬೇರೆ.

ಇದಕ್ಕೆ ಓದಿಗಿಂತ ಕೈಕೆಲಸ ಒಳ್ಳೆಯ ಮದ್ದು. ಓಬೋನ್‌ಗೆ ನೋಡಲು ಹೋದವರು ನೋಡುಗರಾಗಿಯೇ ವಾಪಸ್ ಬರುತ್ತಾರೆ. ವಾರಗಟ್ಟಲೆ ಮೊದಲೇ ನಡೆಯುವ ಕುಣಿತದ ಅಭ್ಯಾಸಕ್ಕೆ ಹೋದವರಿಗೆ, ಅಡುಗೆ ಮಳಿಗೆಯಲ್ಲಿ ಪಾಳಿ ಹಿಡಿದವರಿಗೆ ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಗುತ್ತಾರೆ. ಮಗಳಿಗೆ ಅಲ್ಲಿ ಒಂದು ಕೆಲಸ ಇರಲಿ. ನೀವು ಮಾತ್ರ ಪಕ್ಕದಲ್ಲಿ ನಿಂತು ಫೋಟೋ ತೆಗೆಯಬೇಡಿ.

ಅವಳ ವಯಸ್ಸಿನಲ್ಲಿ ಇದೇಕೆ ಈಗ ಎದ್ದಿದೆ? ಹಿಂದೆ, 1920-30ರ ದಶಕದ ಸಮಾಜಶಾಸ್ತ್ರಜ್ಞರು ಎರಡು ಕುಲದ ನಡುವಿನವನನ್ನು 'ಅಂಚಿನ ಮನುಷ್ಯ' ಎಂದು ಕರೆದು, ಅವನಿಗೆ ನೆಮ್ಮದಿಯೇ ಇಲ್ಲ ಎಂಬಂತೆ ಬರೆದರು. ಆ ಮಾತು ಈಗ ನಿಲ್ಲುವುದಿಲ್ಲ. ಜಪಾನಿ ಮತ್ತು ಬಿಳಿಯ ಮೂಲದ ವಯಸ್ಕರನ್ನು ಮಾತಾಡಿಸಿ ಮನಶ್ಶಾಸ್ತ್ರಜ್ಞ ಜಾರ್ಜ್ ಕಿತಾಹಾರ ಕಿಚ್ ಮೂರು ಘಟ್ಟಗಳನ್ನು ಗುರುತಿಸಿದರು. ಮೂರರಿಂದ ಹತ್ತು ವರ್ಷದವರೆಗೆ 'ನಾನು ಬೇರೆ' ಎಂಬ ಅರಿವು ಮೂಡುತ್ತದೆ. ಸುಮಾರು ಎಂಟರಿಂದ ಹದಿಹರೆಯದ ಕೊನೆಯವರೆಗೆ ಬೇರೆಯವರು ಒಪ್ಪಲಿ ಎಂಬ ಹೋರಾಟ ನಡೆಯುತ್ತದೆ. ಆಮೇಲೆ ತನ್ನನ್ನು ತಾನು ಒಪ್ಪಿಕೊಂಡು, ಹೇಳಿಕೊಳ್ಳುವ ಹಂತ ಬರುತ್ತದೆ. ಮಗ ಮತ್ತು ಮಗಳ ನಡುವೆ ನೀವು ಕಾಣುವ ಅಂತರಕ್ಕೆ ವಯಸ್ಸು ಒಂದು ಕಾರಣ, ರೂಪ ಇನ್ನೊಂದು. ಒಡಹುಟ್ಟಿದವರಲ್ಲಿ ಒಬ್ಬರು ಜಪಾನಿಯಂತೆ, ಒಬ್ಬರು ಭಾರತೀಯರಂತೆ ಕಂಡರೆ ಇಬ್ಬರೂ ಬೇರೆ ಬೇರೆ ಜಗತ್ತಿನಲ್ಲಿ ಬೆಳೆಯುತ್ತಾರೆ. 'ತಮ್ಮನನ್ನು ನೋಡು, ಎಷ್ಟು ಆರಾಮಾಗಿದ್ದಾನೆ' ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ.

ಕೌನ್ಸೆಲರ್‌ಗಳು ಬಳಸುವ ಆರು ಹೇಳಿಕೆಗಳ ಒಂದು ಪ್ರಶ್ನಾವಳಿ ಇದೆ. ಮನಶ್ಶಾಸ್ತ್ರಜ್ಞೆ ಜೀನ್ ಫಿನ್ನಿ 1992ರಲ್ಲಿ ರೂಪಿಸಿದ ಅಳತೆಯ 2007ರ ಪರಿಷ್ಕೃತ ರೂಪ ಅದು. ಮೂರು ಹೇಳಿಕೆ ತನ್ನ ಮೂಲವನ್ನು ಹುಡುಕುವ ಬಗ್ಗೆ, ಮೂರು ಅದಕ್ಕೆ ಅಂಟಿಕೊಂಡಿರುವ ಬಗ್ಗೆ. ಒಂದರಿಂದ ಐದರವರೆಗೆ ಅಂಕ. ಶಾಲೆಯಲ್ಲಿ ಅದನ್ನು ಕೊಟ್ಟರೆ ಒಂದು ಎಚ್ಚರಿಕೆ: ಅದು 'ನನ್ನ ಸಮುದಾಯ' ಎಂದು ಏಕವಚನದಲ್ಲಿ ಕೇಳುತ್ತದೆ. ಮಿಶ್ರ ಮೂಲದವರು ಅಲ್ಲೇ ತಡವರಿಸಿ ಎಲ್ಲದಕ್ಕೂ ನಡುವಿನ ಅಂಕ ಹಾಕುತ್ತಾರೆ, ಫಲಿತಾಂಶ 'ದುರ್ಬಲ ಗುರುತು' ಎಂದು ಬರುತ್ತದೆ. ಜಪಾನಿ ಮೂಲಕ್ಕೊಮ್ಮೆ, ಭಾರತೀಯ ಮೂಲಕ್ಕೊಮ್ಮೆ, ಎರಡು ಸಲ ತುಂಬಲು ಬಿಡುವಂತೆ ಕೇಳಿ. ಹುಡುಕುವ ಅಂಕ ಹೆಚ್ಚಿದ್ದು ಅಂಟಿಕೊಂಡ ಅಂಕ ಕಡಿಮೆಯಿದ್ದರೆ ಅದು ರೋಗವಲ್ಲ, 15ರ ವಯಸ್ಸಿನ ಸಹಜ ಸ್ಥಿತಿ.

ಮನೆಯಲ್ಲಿ ಆಗುವ ತಪ್ಪುಗಳಲ್ಲಿ ಸಾಮಾನ್ಯವಾದದ್ದು ಲೆಕ್ಕ ಹಾಕುವುದು. ಐವತ್ತು ಇದು, ಐವತ್ತು ಅದು ಎಂದರೆ ಎರಡೂ ಕಡೆ ಅವಳು ಅರ್ಧ ಕಡಿಮೆಯವಳಾಗುತ್ತಾಳೆ. ಈ ಲೆಕ್ಕ ಮನೆಯಲ್ಲಿ ಹುಟ್ಟಿದ್ದೇನಲ್ಲ. ಹವಾಯಿಯ ಚೆರ್ರಿ ಬ್ಲಾಸಂ ಹಬ್ಬದ ರಾಣಿಯ ಸ್ಪರ್ಧೆಗೆ 1990ರ ದಶಕದ ಕೊನೆಯವರೆಗೂ ಪೂರ್ತಿ ಜಪಾನಿ ವಂಶದವರೇ ಆಗಿರಬೇಕಿತ್ತು. ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧ, ನಮ್ಮ ಕಡೆಯವರಿಗೆ ಬಲು ಪ್ರಿಯವಾದದ್ದು. ಮಲೆನಾಡಿನವರಾದ ನಿಮಗೆ ಕುವೆಂಪು ಅವರ 'ವಿಶ್ವಮಾನವ' ತಟ್ಟನೆ ನೆನಪಾಗುತ್ತದೆ, 'ನೀನು ಯಾವ ದೇಶದವಳೂ ಅಲ್ಲ, ಎಲ್ಲ ದೇಶದವಳು' ಎಂದುಬಿಡುತ್ತೀರಿ. ಕುವೆಂಪು ಹೇಳಿದ್ದು ತನಗೊಂದು ನೆಲೆ ಇದ್ದವನು ಅದನ್ನು ಮೀರುವ ಮಾತು. ಊಟದ ಹಾಲ್‌ನಲ್ಲಿ ಯಾವ ಮೇಜಿಗೆ ಹೋಗಲಿ ಎಂದು ತಟ್ಟೆ ಹಿಡಿದು ನಿಂತವಳಿಗೆ ಆ ಉತ್ತರ ಕೊಟ್ಟರೆ, ಅವಳು ಮುಂದೆ ನಿಮ್ಮನ್ನು ಏನೂ ಕೇಳುವುದಿಲ್ಲ.

'ನೀನು ಏನು?' ಎಂದು ಕೇಳುವವರಿಗೆ ಮೂರು ಉತ್ತರ ಸಿದ್ಧವಿರಲಿ. ಅಪರಿಚಿತರಿಗೆ ಒಂದು ಸಾಲು: 'ಅಮ್ಮ ಜಪಾನ್, ಅಪ್ಪ ಇಂಡಿಯಾ.' ಸ್ನೇಹಿತರಿಗೆ ಉದ್ದದ ಉತ್ತರ. ಕಿರಿಕಿರಿ ಮಾಡುವವರಿಗೆ 'ಯಾಕೆ ಕೇಳ್ತಿದ್ದೀರಿ?' ಎಂಬ ಮರುಪ್ರಶ್ನೆ. ಉತ್ತರ ಕೊಡದಿರುವುದೂ ಸರಿ ಎಂದು ದೊಡ್ಡವರ ಬಾಯಿಂದ ಕೇಳಿದರೆ ಅವಳಿಗೆ ಎಷ್ಟೋ ಹಗುರ. ಮನಶ್ಶಾಸ್ತ್ರಜ್ಞೆ ಮರಿಯಾ ರೂಟ್ 1990ರ ದಶಕದಲ್ಲಿ ಮಿಶ್ರ ಮೂಲದವರ ಹಕ್ಕುಗಳ ಪಟ್ಟಿಯನ್ನೇ ಬರೆದರು. ಅಪ್ಪ ಅಮ್ಮ ಕರೆಯುವುದಕ್ಕಿಂತ ಬೇರೆಯಾಗಿ, ಒಡಹುಟ್ಟಿದವರಿಗಿಂತ ಬೇರೆಯಾಗಿ, ಸಂದರ್ಭಕ್ಕೊಂದು ರೀತಿ ತನ್ನನ್ನು ಗುರುತಿಸಿಕೊಳ್ಳುವುದು ಅದರಲ್ಲಿ ಸೇರಿದೆ. ಸೋಮವಾರ ಇಂಡಿಯನ್, ಶನಿವಾರ ಜಪಾನೀಸ್ ಎಂದರೆ ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದಲ್ಲ.

ಫುಕುವೊಕಾದ ಮಾತಿಗೆ ಬರುತ್ತೇನೆ. ಬಣ್ಣದ ಮಾತು ನಮ್ಮಲ್ಲೇನು ಕಡಿಮೆಯೇ? ಹುಟ್ಟಿದ ಕೂಸಿನ ಕಿವಿ ನೋಡಿ ಮುಂದಿನ ಬಣ್ಣ ಹೇಳುವವರು ನಾವು. ಆದ್ದರಿಂದ ಜಪಾನನ್ನು ಬೈಯುವುದರಿಂದ ಲಾಭವಿಲ್ಲ. ಆದರೆ 'ಅವರು ಬೇಕಂತ ಅಂದದ್ದಲ್ಲ ಬಿಡು' ಎಂದು ಸಮಾಧಾನ ಮಾಡಿದರೆ, ಅವಳ ನೋವಿಗೆ ನೀವು ಸಾಕ್ಷಿ ಹೇಳಲಿಲ್ಲ ಎಂದಾಗುತ್ತದೆ. ಮೊದಲು 'ಆ ಮಾತು ತಪ್ಪು' ಎನ್ನಿ, ನೆಂಟರ ಒಳ್ಳೆಯತನ ಆಮೇಲೆ ಬರಲಿ. ನೆಂಟರ ಜೊತೆ ಮಾತಾಡಬೇಕಾದವರು ನಿಮ್ಮ ಹೆಂಡತಿ, ನೀವಲ್ಲ. ಅಳಿಯ ಎತ್ತಿದರೆ ಅದು ಎರಡು ದೇಶದ ಜಗಳವಾಗುತ್ತದೆ. ಮುಂದಿನ ಭೇಟಿಗೆ ಮೊದಲೇ ಫೋನಿನಲ್ಲಿ, ಮಗಳು ಎದುರಿಗಿಲ್ಲದಾಗ, 'ಅವಳ ಮೈಬಣ್ಣದ ಬಗ್ಗೆ ಮಾತು ಬೇಡ, ಅವಳಿಗೆ ನೋವಾಗಿದೆ' ಎಂದು ಒಂದೇ ಮಾತಿನಲ್ಲಿ ಮುಗಿಸಲಿ. ಜಪಾನಿನಲ್ಲಿ ಈಗ ಸುಮಾರು ಐವತ್ತು ಜನನಗಳಲ್ಲಿ ಒಂದರಲ್ಲಿ ತಂದೆ ಅಥವಾ ತಾಯಿ ವಿದೇಶಿ. ಹಾಗಿದ್ದೂ 2015ರಲ್ಲಿ ಆಫ್ರಿಕನ್ ಅಮೆರಿಕನ್ ತಂದೆಯ ಮಗಳು ಅರಿಯಾನಾ ಮಿಯಾಮೊತೊ ಮಿಸ್ ಯೂನಿವರ್ಸ್ ಜಪಾನ್ ಆದಾಗ, ಮರುವರ್ಷ ಭಾರತೀಯ ತಂದೆಯ ಮಗಳು ಪ್ರಿಯಾಂಕಾ ಯೋಶಿಕಾವಾ ಮಿಸ್ ವರ್ಲ್ಡ್ ಜಪಾನ್ ಆದಾಗ 'ಪೂರ್ತಿ ಜಪಾನಿ ಅಲ್ಲ' ಎಂಬ ಟೀಕೆ ಎದ್ದಿತ್ತು. ಪ್ರಿಯಾಂಕಾ ಹೆಸರನ್ನು ಮಗಳಿಗೆ ಹೇಳಿ. ಸೌಂದರ್ಯ ಸ್ಪರ್ಧೆ ನಿಮಗೆ ಇಷ್ಟವಿಲ್ಲದಿರಬಹುದು, ಆದರೆ ಅಪ್ಪ ಇಂಡಿಯಾ ಅಮ್ಮ ಜಪಾನ್ ಇರುವ ಮುಖವೊಂದನ್ನು ಜಪಾನ್ ತನ್ನದೆಂದು ಕಳಿಸಿತ್ತು ಎಂಬುದು ಅವಳಿಗೆ ಗೊತ್ತಿರಲಿ.

ಇನ್ನು ಕಾಗದಪತ್ರ, ಕೊನೆಯ ದಿನಾಂಕ ಇರುವುದು ಇದಕ್ಕೇ. ಹುಟ್ಟಿದ ಮೂರು ತಿಂಗಳೊಳಗೆ ದಾಖಲಿಸಿದಾಗ ಫಾರಂನಲ್ಲಿ ಜಪಾನ್ ಪೌರತ್ವ ಕಾಯ್ದಿರಿಸುವ ಜಾಗದಲ್ಲೂ ಸಹಿ ಮಾಡಿದ್ದೀರಾ ನೋಡಿಕೊಳ್ಳಿ. ಬೇರೆ ದೇಶದಲ್ಲಿ ಹುಟ್ಟಿ ಅಲ್ಲಿನ ಪೌರತ್ವವೂ ಸಿಕ್ಕ ಮಗುವಿಗೆ ಆ ಸಹಿ ಇಲ್ಲದಿದ್ದರೆ ಜಪಾನ್ ಪೌರತ್ವ ಹುಟ್ಟಿದ ದಿನದಿಂದಲೇ ಇಲ್ಲವಾಗುತ್ತದೆ. ತಾಯಿಯ ಊರಿನ ನಗರಸಭೆಯಿಂದ ಕೊಸೆಕಿಯ, ಅಂದರೆ ಕುಟುಂಬ ನೋಂದಣಿಯ, ಪ್ರತಿ ತರಿಸಿದರೆ ಮಕ್ಕಳ ಹೆಸರು ಇದೆಯೇ ಎಂಬುದು ಖಚಿತವಾಗುತ್ತದೆ. ಇಲ್ಲದಿದ್ದರೆ 18 ತುಂಬುವ ಮೊದಲು ಜಪಾನಿನಲ್ಲಿ ವಾಸವಿದ್ದು ಮರಳಿ ಪಡೆಯುವ ದಾರಿಯೊಂದಿದೆ. ಅದು ಮಗಳಿಗೆ ಮೂರೇ ವರ್ಷ ದೂರ.

ಹೆಸರಿದ್ದರೆ ಮುಂದಿನ ಗಡುವು 20ನೇ ಹುಟ್ಟುಹಬ್ಬ. 18ಕ್ಕೆ ಮೊದಲೇ ಎರಡು ಪೌರತ್ವ ಇದ್ದವರು ಅಷ್ಟರಲ್ಲಿ ಒಂದನ್ನು ಆರಿಸಬೇಕು ಎಂಬುದು 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ, ಮೊದಲು ಇದು 22 ಇತ್ತು. ಹೈಟಿ ಮೂಲದ ತಂದೆಯ ಮಗಳು, ಅಮೆರಿಕದಲ್ಲಿ ಬೆಳೆದ ಟೆನಿಸ್ ತಾರೆ ನವೋಮಿ ಒಸಾಕಾ 2019ರಲ್ಲಿ 22 ತುಂಬುವ ಮುನ್ನ ಜಪಾನನ್ನು ಆರಿಸಿದ್ದು ಈ ಕಾರಣಕ್ಕೇ. 'ಜಪಾನ್ ಪೌರತ್ವ ಆರಿಸುತ್ತೇನೆ' ಎಂಬ ಘೋಷಣೆಯನ್ನು 15 ತುಂಬಿದವರು ತಾವೇ ಸಲ್ಲಿಸಬಹುದು, ಕಾನ್ಸುಲೇಟಿನಲ್ಲೂ ಆಗುತ್ತದೆ. ಘೋಷಣೆಯ ನಂತರ ಇನ್ನೊಂದು ಪೌರತ್ವ ಬಿಡಲು ಪ್ರಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ಗಡುವು ಮೀರಿದ ಮಾತ್ರಕ್ಕೆ ಪೌರತ್ವ ತಾನಾಗಿ ಹೋಗುವುದಿಲ್ಲ, ನ್ಯಾಯ ಮಂತ್ರಿ ಲಿಖಿತ ನೋಟಿಸ್ ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಹೋಗುತ್ತದೆ. ತಾನಾಗಿ ಹೋಗುವುದು ಬೇರೆ ಸಂದರ್ಭದಲ್ಲಿ: ಸ್ವಂತ ಇಚ್ಛೆಯಿಂದ ಅರ್ಜಿ ಹಾಕಿ ಇನ್ನೊಂದು ದೇಶದ ಪೌರತ್ವ ಪಡೆದಾಗ. ನಿಮ್ಮ ಹೆಂಡತಿ ಅಮೆರಿಕದ ಪ್ರಜೆಯಾದರೆ ಆ ದಿನವೇ ಅವರ ಜಪಾನ್ ಪೌರತ್ವ ಹೋಗುತ್ತದೆ. ಹುಟ್ಟಿನಿಂದ ಪಡೆದ ಮಕ್ಕಳದಕ್ಕೆ ಅದರಿಂದ ಧಕ್ಕೆಯಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ವಿದೇಶಿ ಪೌರತ್ವದ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ, 'ಹುಟ್ಟಿನಿಂದ' ಎಂಬುದು ಸರಿಯಾದ ಉತ್ತರ. ಜಪಾನ್ ಪ್ರವೇಶಕ್ಕೆ ಜಪಾನ್ ಪಾಸ್‌ಪೋರ್ಟ್, ಅಮೆರಿಕಕ್ಕೆ ಅಮೆರಿಕದ್ದು. ಭಾರತದ ಕಡೆ ಇಬ್ಬರಿಗೂ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಸಾಕು, 20 ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಬಂದಾಗ ಅದನ್ನೊಮ್ಮೆ ಹೊಸದಾಗಿ ಮಾಡಿಸಬೇಕು.

ಕೊಸೆಕಿಯಲ್ಲಿ ನಡುಹೆಸರಿಗೆ ಜಾಗವಿಲ್ಲ. ಅಮೆರಿಕದ ಜನನಪತ್ರದಲ್ಲಿ ಒಂದು, ಜಪಾನ್ ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಹೆಸರಿದ್ದರೆ ವಿಮಾನದ ಟಿಕೆಟ್‌ನಲ್ಲಿ ಗೊಂದಲವಾಗುತ್ತದೆ. ದಾಖಲೆ ತೋರಿಸಿದರೆ ಇನ್ನೊಂದು ಹೆಸರನ್ನು ಆವರಣದಲ್ಲಿ ಮುದ್ರಿಸುತ್ತಾರೆ, ನವೀಕರಣದ ಹೊತ್ತಿಗೆ ಕೇಳಿ.

ಶನಿವಾರದ ಶಾಲೆಯನ್ನು ಬಿಡಲು ಬಿಡಿ ಎಂಬುದು ನನ್ನ ಸಲಹೆ. ಅಂಥ ಶಾಲೆಗಳು ಜಪಾನಿನ ಪಠ್ಯವನ್ನೇ ವಾರಕ್ಕೊಂದು ದಿನದಲ್ಲಿ ಮುಗಿಸಲು ಓಡುತ್ತವೆ. ಒಂದನೇ ತರಗತಿಗೆ 80 ಕಾಂಜಿ (ಚೀನೀ ಮೂಲದ ಅಕ್ಷರ), ಎರಡಕ್ಕೆ 160, ಮೂರಕ್ಕೆ 200, ನಾಲ್ಕಕ್ಕೆ 202. ವರ್ಷಕ್ಕೆ ನಲವತ್ತು ಶನಿವಾರ ಎಂದುಕೊಂಡರೂ ವಾರಕ್ಕೆ ಐದು ಹೊಸ ಅಕ್ಷರ, ಜೊತೆಗೆ ಹಳೆಯವನ್ನು ಮರೆಯದಿರುವ ಪಾಡು. ಮೂರು, ನಾಲ್ಕನೇ ತರಗತಿಯಲ್ಲೇ ಹಲವರು ಹಿಂದೆ ಬೀಳುತ್ತಾರೆ. ಆಮೇಲೆ ಆ ಮಕ್ಕಳ ಮನಸ್ಸಿನಲ್ಲಿ ಜಪಾನ್ ಎಂದರೆ ಸೋಲುವ ಜಾಗ ಎಂದಾಗುತ್ತದೆ. ನಿಮ್ಮ ಮಗಳು 15ರವರೆಗೆ ಬಂದಿದ್ದಾಳೆ, ಅದು ಸಣ್ಣದಲ್ಲ. ಅವಳ ಹೈಸ್ಕೂಲಿನಲ್ಲಿ ಜಪಾನಿ ವಿಷಯವಿದ್ದರೆ ಮಟ್ಟದ ಪರೀಕ್ಷೆ ಬರೆಸಿ ಮೇಲಿನ ತರಗತಿಗೆ ಸೇರಿಸಿ. ಮೊದಲ ವರ್ಷಕ್ಕೆ ಹಾಕಿದರೆ ಬೇಸತ್ತು ಕೈಬಿಡುತ್ತಾಳೆ. ಮನೆಯಲ್ಲಿ ಅಮ್ಮನ ಜೊತೆ ಬೆಳೆದ ಮಕ್ಕಳಿಗೆ ಸಾಮಾನ್ಯವಾಗಿ ಕೊರತೆ ಇರುವುದು ಗೌರವದ ಮಾತಿನಲ್ಲಿ ಮತ್ತು ಬರವಣಿಗೆಯಲ್ಲಿ, ಶಿಕ್ಷಕರಿಗೆ ಅದನ್ನೇ ತಿಳಿಸಿ. ಹೈಸ್ಕೂಲಿನವರು ಬರೆಯುವ ಕಾಲೇಜು ಮಟ್ಟದ ಪರೀಕ್ಷೆಗಳಲ್ಲೊಂದಾದ ಮೇ ತಿಂಗಳ ಎಪಿ ಜಪಾನಿ ಪರೀಕ್ಷೆ ಕಾಲೇಜು ಅರ್ಜಿಗೂ ನೆರವಾಗುತ್ತದೆ. ಡಿಸೆಂಬರ್‌ನ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಮಟ್ಟದ ಪರೀಕ್ಷೆ ಕೂಡ ಇದೆ, ಆದರೆ ಅದರಲ್ಲಿ ಮಾತಾಡುವ, ಬರೆಯುವ ಭಾಗವಿಲ್ಲ. ಅಜ್ಜಿಗೆ ವಾರಕ್ಕೊಮ್ಮೆ ಕಾಲು ಗಂಟೆ ವಿಡಿಯೋ ಕರೆ ಇರಲಿ, ಅಮ್ಮ ಪಕ್ಕದಲ್ಲಿ ಕೂತು ಅನುವಾದ ಮಾಡದೆ.

ಕನ್ನಡಕ್ಕೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಒಂದು ವ್ಯತ್ಯಾಸವಿದೆ. ಜಪಾನಿಗೆ ಶಾಲೆ, ಪರೀಕ್ಷೆ, ಊರಲ್ಲೊಂದು ಬೀದಿಯೇ ಇದೆ. ಕನ್ನಡಕ್ಕೆ ಅವಳ ಮಟ್ಟಿಗೆ ಇರುವುದು ಬಹುಪಾಲು ನೀವೊಬ್ಬರೇ. ಜಪಾನಿನ ಪ್ರಶ್ನೆ ಎಂದು ಬರೆದಿದ್ದೀರಿ, ಅದರಲ್ಲಿ ಅರ್ಧ ನಿಮ್ಮ ಕಡೆಯ ಮೌನದ್ದೂ ಇರಬಹುದು. ಶಿವಮೊಗ್ಗದ ಅಜ್ಜ ಅಜ್ಜಿಯೊಂದಿಗೂ ಅದೇ ಕಾಲು ಗಂಟೆ ಇರಲಿ.

ಯಾವಾಗ ಚಿಂತೆ ಮಾಡಬೇಕು? ಸಿಟ್ಟು, ಖಾಲಿ ಬಿಟ್ಟ ಚೌಕ, ಬಿಟ್ಟ ಶಾಲೆ ಇವು ಚಿಂತೆಯ ಲಕ್ಷಣಗಳಲ್ಲ. ಎರಡು ವಾರಕ್ಕೂ ಮೀರಿ ಮಂಕು, ನಿದ್ದೆ ಊಟ ಕೆಡುವುದು, ಸ್ನೇಹಿತರನ್ನೂ ದೂರ ಮಾಡುವುದು, ಬಣ್ಣ ತಿಳಿಯಾಗಿಸುವ ಕ್ರೀಂಗಳನ್ನು ಗುಟ್ಟಾಗಿ ಬಳಸುವುದು ಕಂಡರೆ ಶಾಲೆಯ ಕೌನ್ಸೆಲರ್ ಅಥವಾ ಮಕ್ಕಳ ವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಕಾಯಬೇಡಿ, ಅಮೆರಿಕದಲ್ಲಿ 988 ಸಹಾಯವಾಣಿಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಮಗನಿಗೆ ಒಂದು ಅವಕಾಶವಿದೆ, ಮಗಳಿಗೆ ದಾಟಿಹೋಗಿರುವಂಥದ್ದು. ಕ್ಯಾಲಿಫೋರ್ನಿಯಾದ ಶಾಲೆಗಳು ಜೂನ್ ಆರಂಭದ ಹೊತ್ತಿಗೆ ಮುಗಿಯುತ್ತವೆ, ಜಪಾನಿನಲ್ಲಿ ಜುಲೈ 20ರ ಸುಮಾರಿನವರೆಗೆ ತರಗತಿ ನಡೆಯುತ್ತದೆ. ಆ ಆರು ವಾರಗಳಲ್ಲಿ ಹೊರದೇಶದ ಮಕ್ಕಳನ್ನು ಅಜ್ಜಿ ಮನೆಯ ಹತ್ತಿರದ ಸರ್ಕಾರಿ ಶಾಲೆಗೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳುವ 'ತಾಯ್ಕೆನ್ ನ್ಯೂಗಾಕು' ಎಂಬ ರೂಢಿಯಿದೆ. ಅದು ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ, ಅಂದರೆ ಸುಮಾರು 15ರವರೆಗೆ ಮಾತ್ರ. ಹಕ್ಕಲ್ಲ, ಮುಖ್ಯೋಪಾಧ್ಯಾಯರ ಮತ್ತು ಸ್ಥಳೀಯ ಶಿಕ್ಷಣ ಮಂಡಳಿಯ ಒಪ್ಪಿಗೆ ಬೇಕು. ಕೆಲವು ಊರುಗಳು ಅಲ್ಲಿನ ನಿವಾಸಿಯೆಂದು ನೋಂದಾಯಿಸಲು ಕೇಳುತ್ತವೆ. ಊಟದ ಹಣ ಕಟ್ಟಬೇಕಾಗಬಹುದು, ಒಳಗೆ ಹಾಕುವ ಬೂಟು ಒಯ್ಯಬೇಕು. ಬೆನ್ನಿನ ದುಬಾರಿ ಚರ್ಮದ ಚೀಲವನ್ನು ಇಷ್ಟು ದಿನಕ್ಕಾಗಿ ಕೊಳ್ಳುವ ಅಗತ್ಯವಿಲ್ಲ. ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಶಿಕ್ಷಕರ ವರ್ಗಾವಣೆಯೂ ಆಗಲೇ. ಆದ್ದರಿಂದ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಅಜ್ಜಿಯೇ ಹೋಗಿ ವಿಚಾರಿಸಲಿ, ಏಪ್ರಿಲ್ ಮಧ್ಯದಲ್ಲಿ ಹೊಸ ಮುಖ್ಯೋಪಾಧ್ಯಾಯರಿಗೆ ಇನ್ನೊಮ್ಮೆ ನೆನಪಿಸಲಿ.